ನೆಲ ಮಟ್ಟ ತಪ್ಪಿದೆ: ಸಿಮೆಂಟ್ ಕಲಸುವ ಮುನ್ನ ಕಾರಣ ಹುಡುಕುವ ಬಗೆ

ಕಪಾಟು ಕುಲುಕುತ್ತದೆ, ಅದರ ಒಂದು ಕಾಲಿಗೆ ರಟ್ಟು ಮಡಚಿ ಇಡಬೇಕಾಗುತ್ತದೆ. ನೆಲ ತೊಳೆದ ನೀರು ಪ್ರತಿಸಲವೂ ಅದೇ ಮೂಲೆಯಲ್ಲಿ ಹೋಗಿ ನಿಲ್ಲುತ್ತದೆ. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ನೆಲಕ್ಕೆ ಉಜ್ಜುತ್ತದೆ. ಇಂಥದ್ದೇನಾದರೂ ಕಂಡಾಗ ಮನೆಯವರು ಗೌಂಡಿಯನ್ನು ಕರೆಸುತ್ತಾರೆ. ಗೌಂಡಿ ಹಿಮ್ಮಡಿಯಿಂದ ನೆಲ ತಟ್ಟಿ ನೋಡಿ, "ಮೇಲೆ ಒಂದು ಇಂಚು ಗಾರೆ ಎಳೆದು ಹೊಸ ಟೈಲ್ಸ್ ಕೂರಿಸಿದರೆ ಮುಗಿಯಿತು ಸಾಹೇಬರೇ" ಎನ್ನುತ್ತಾನೆ. ಕೆಲವೊಮ್ಮೆ ನಿಜವಾಗಿಯೂ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಟೈಲ್ಸ್ ಕೂಡ ಹಳೆಯ ತಗ್ಗಿಗೇ ಇಳಿದ ಮನೆಗಳು ಎಷ್ಟೋ ಇವೆ.

ನೆಲವನ್ನು ಮಟ್ಟ ಮಾಡುವುದು ಕಷ್ಟದ ಕೆಲಸವೇನಲ್ಲ. ಅದು ಏಕೆ ಮಟ್ಟ ತಪ್ಪಿತು, ಇಂದಿಗೂ ಇಳಿಯುತ್ತಲೋ ಏಳುತ್ತಲೋ ಇದೆಯೇ ಎಂಬುದನ್ನು ತಿಳಿಯುವುದೇ ಕಷ್ಟ. ಚಲಿಸುತ್ತಿರುವ ನೆಲದ ಮೇಲೆ ಹಾಕಿದ ಯಾವ ಪದರವೂ ಉಳಿಯದು. ಅದು ಎಷ್ಟು ದುಬಾರಿ ಚೀಲದಿಂದ ಬಂದಿದ್ದರೂ ಅಷ್ಟೇ. ನಾನು ಕೆಲಸ ಮಾಡುವ ಧಾರವಾಡದ ಸುತ್ತ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ಪಡುವಣಕ್ಕೆ ಮಲೆನಾಡಿನ ಸೆರಗಿನ ಕೆಂಪು ಗರಸು ನೆಲ, ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ ಕಡೆಗೆ ಎರೆಭೂಮಿ. ಒಂದೇ ನಕ್ಷೆಯ ಎರಡು ಮನೆಗಳು ಎರಡು ಬಗೆಯಲ್ಲಿ ಕೆಡುತ್ತವೆ.

ಮೊದಲು ಅಳೆಯಿರಿ

ಕಣ್ಣಿನ ಅಂದಾಜನ್ನು ನಂಬಬೇಡಿ. ಹೊಳಪಿನ ಟೈಲ್ಸ್ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಚೆನ್ನಾಗಿರುವ ನೆಲವೂ ಅಲೆಅಲೆಯಾಗಿ ಕಾಣುತ್ತದೆ. ನಿಂಬೆಹಣ್ಣು ಉರುಳಿಸಿ ನೋಡುವುದರಿಂದ ಇಳಿಜಾರು ಎತ್ತ ಎಂದು ತಿಳಿಯಬಹುದು, ಎಷ್ಟು ಎಂದು ತಿಳಿಯದು.

ಎರಡು ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ ಬೇಕು. ಗಿಲಾವು ಮಾಡುವವರ ಬಳಿ ಇರುತ್ತದೆ, ಆದರೆ ಅದು ಬಾಗಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ನೆಲದ ಮೇಲೆ ಪಟ್ಟಿಯ ಅಂಚಿಗುಂಟ ಪೆನ್ಸಿಲ್ ಗೆರೆ ಎಳೆದು, ಪಟ್ಟಿಯನ್ನು ಉಲ್ಟಾ ಮಗುಚಿ ಅದೇ ಗೆರೆಗೆ ಹೊಂದಿಸಿ. ಹೊಂದಿದರೆ ಪಟ್ಟಿ ನೇರವಾಗಿದೆ. ಅದನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ಕೆಳಗೆ ಉಳಿಯುವ ಸಂದನ್ನು ನೋಡಿ. ಟೈಲ್ಸ್ ಹಾಕುವ ನೆಲದಲ್ಲಿ ಈ ಸಂದು 3 ಮಿ.ಮೀ. ಒಳಗಿದ್ದರೆ ದೋಷವೆಂದು ಎಣಿಸಬೇಡಿ. 5 ಮಿ.ಮೀ. ಇದ್ದರೆ ದೊಡ್ಡ ಅಳತೆಯ ಟೈಲ್ಸ್ ಹಾಕುವಾಗ ತೊಂದರೆ ಕೊಡುತ್ತದೆ. 10 ಮಿ.ಮೀ. ದಾಟಿದರೆ ಕಾಲಿಗೇ ಗೊತ್ತಾಗುತ್ತದೆ.

ಪಟ್ಟಿ ಹೇಳುವುದು ಉಬ್ಬುತಗ್ಗುಗಳನ್ನು ಮಾತ್ರ. ಇಡೀ ಕೋಣೆ ಒಂದು ಕಡೆಗೆ ವಾಲಿದ್ದರೆ ಪಟ್ಟಿಯಡಿ ಸಂದೇ ಕಾಣುವುದಿಲ್ಲ. ಅದಕ್ಕೆ ನೀರಿನ ನಳಿಗೆಯ ಮಟ್ಟವೇ ಬೇಕು. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಗೆ ನೀರು ತುಂಬಿ, ಒಳಗಿನ ಗಾಳಿಗುಳ್ಳೆಗಳನ್ನೆಲ್ಲ ತಟ್ಟಿ ಹೊರಹಾಕಿ. ಒಂದೇ ಗುಳ್ಳೆ ಉಳಿದರೂ ಅಳತೆ ಸುಳ್ಳಾಗುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಗುರುತು ಹಾಕಿ, ಅದೇ ನೀರಿನ ಮಟ್ಟವನ್ನು ನಾಲ್ಕೂ ಗೋಡೆಗಳಿಗೆ ಒಯ್ಯಿರಿ. ಗುರುತಿನಿಂದ ಗುರುತಿಗೆ ದಾರ ಬಿಗಿದು, ದಾರದಿಂದ ನೆಲಕ್ಕೆ ಎರಡಡಿಗೊಂದರಂತೆ ಟೇಪು ಇಳಿಬಿಟ್ಟು ಅಳೆಯಿರಿ. ಲೇಸರ್ ಉಪಕರಣ ಬಾಡಿಗೆಗೆ ಸಿಕ್ಕರೆ ದಾರದ ಗೋಜಿಲ್ಲ.

ಬಂದ ಅಂಕಿಗಳನ್ನು ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು ಅಲ್ಲಲ್ಲೇ ತುಂಬಿ. ಅಂಕಿ ದೊಡ್ಡದಾದಷ್ಟೂ ನೆಲ ಕೆಳಗಿದೆ ಎಂದರ್ಥ. ಹುಬ್ಬಳ್ಳಿಯ ಒಂದು ನಡುಮನೆಯಲ್ಲಿ ಮೂರು ಗೋಡೆಗಳ ಬುಡದಲ್ಲಿ 1,001, 1,002, 1,003 ಮಿ.ಮೀ. ಎಂದು ಬಂತು, ನಡುವೆಯೂ 1,003. ಅಡುಗೆಮನೆಯ ಬಾಗಿಲ ಬಳಿ ಮಾತ್ರ 1,019. ಮನೆಯವರು ಇಡೀ ನಡುಮನೆಗೆ ಹೊಸ ಟೈಲ್ಸ್ ಹಾಕಿಸಲು ಸಿದ್ಧರಾಗಿದ್ದರು. ಆದರೆ ದೋಷ ಇದ್ದದ್ದು ಒಂದು ಗೋಡೆಯ ಪಕ್ಕದ ಮೂರಡಿ ಜಾಗದಲ್ಲಿ, ಸರಿಯಾಗಿ ಸಿಂಕಿನ ಕೊಳವೆ ಹೊರಗೆ ಹೋಗುವ ದಾರಿಯ ಮೇಲೆ. ಆ ಕಾಗದ ಕೈಯಲ್ಲಿದ್ದರೆ ಅರ್ಧ ರೋಗ ಪತ್ತೆಯಾದಂತೆಯೇ.

ಇನ್ನೊಂದು ಮಾತು. ಎಲ್ಲ ಇಳಿಜಾರೂ ದೋಷವಲ್ಲ. ಬಚ್ಚಲು, ಬಾಲ್ಕನಿ, ಪಾತ್ರೆ ತೊಳೆಯುವ ಹಿತ್ತಲಕಟ್ಟೆಗಳಲ್ಲಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಬೇಕೇ ಬೇಕು. ಹಳೆಯ ಮನೆಗಳಲ್ಲಿ ಪಡಸಾಲೆಯನ್ನೂ ತೊಳೆದ ನೀರು ಹೊರಬಾಗಿಲ ಕಡೆಗೆ ಹರಿಯಲೆಂದು ತುಸು ಇಳಿಸಿಯೇ ಕಟ್ಟುತ್ತಿದ್ದರು. ಅದನ್ನು 'ಸರಿಪಡಿಸಿ' ಆಮೇಲೆ ಪ್ರತಿದಿನ ನೀರು ಬಳಿಯುತ್ತ ಕೂರುವವರನ್ನು ಕಂಡಿದ್ದೇನೆ.

ನೆಲ ನಿಂತಿದೆಯೇ, ನಡೆಯುತ್ತಿದೆಯೇ

ಬಿರುಕಿದ್ದರೆ ಈ ಪರೀಕ್ಷೆ ಸುಲಭ. ತೆಳ್ಳಗಿನ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗಳನ್ನು ಗಟ್ಟಿ ಅಂಟಿನಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಚಲನೆ ನಿಂತಿಲ್ಲ. ಗಾಜು ಸಿಗದಿದ್ದರೆ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ನಡುವಿನ ಅಂತರ ಬರೆದಿಟ್ಟರೂ ಸಾಕು. ಬಿರುಕು ಎಲ್ಲಿ ಕೊನೆಯಾಗುತ್ತದೆಯೋ ಆ ತುದಿಗೂ ಒಂದು ಗೆರೆ ಎಳೆಯಿರಿ. ಅದು ಗೆರೆ ದಾಟಿ ಬೆಳೆಯಿತೇ ಎಂಬುದೂ ಮುಖ್ಯ.

ಬಿರುಕಿಲ್ಲದಿದ್ದರೆ ಮೇಲಿನ ಅಳತೆಯ ಕಾಗದವೇ ಸಾಕ್ಷಿ. ಗೋಡೆಯ ಮೇಲಿನ ಗುರುತುಗಳನ್ನು ಅಳಿಸದೆ ಉಳಿಸಿಕೊಂಡು, ಕೆಲವು ತಿಂಗಳ ನಂತರ ಅದೇ ಬಿಂದುಗಳಲ್ಲಿ ಮತ್ತೆ ಅಳೆಯಿರಿ. ಎರೆಮಣ್ಣಿನ ಊರಾದರೆ ಒಮ್ಮೆ ಏಪ್ರಿಲ್ ಕೊನೆಗೆ, ಇನ್ನೊಮ್ಮೆ ಅಕ್ಟೋಬರಿನಲ್ಲಿ ಅಳೆಯದೆ ತೀರ್ಮಾನಕ್ಕೆ ಬರಬೇಡಿ. ಇಷ್ಟು ಕಾಯಲು ಯಾರಿಗೂ ಮನಸ್ಸಾಗುವುದಿಲ್ಲ. ಹಬ್ಬವೋ ಮದುವೆಯೋ ಮುಂದೆ ಬಂದು ನಿಂತಿರುತ್ತದೆ. ಆಗಲಿ, ಹಬ್ಬಕ್ಕೆ ಜಮಖಾನೆ ಹಾಸಿ ಸುಧಾರಿಸಿ.

ಗೋಡೆಯ ಬುಡದಲ್ಲಿ ಸಂದು ಬಿಟ್ಟಿದ್ದರೆ

ಗೋಡೆಯ ಬುಡಕ್ಕೆ ಸುತ್ತಲೂ ಹಚ್ಚಿದ ಸ್ಕರ್ಟಿಂಗ್ ಪಟ್ಟಿ ಗೋಡೆಗೆ ಅಂಟಿಕೊಂಡೇ ಇದೆ, ಅದರ ಕೆಳಗೆ ನೆಲ ಮಾತ್ರ ಕೆಳಗಿಳಿದು ಬೆರಳು ತೂರುವಷ್ಟು ಸಂದಾಗಿದೆ, ಗೋಡೆಯಲ್ಲಿ ಒಂದು ಕೂದಲೆಳೆಯ ಬಿರುಕೂ ಇಲ್ಲ. ಇದು ನೆಲಮಾಳಿಗೆಯಿಲ್ಲದ ಕೆಳಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ. ಗೋಡೆ ಪಾಯದ ಮೇಲೆ ನಿಂತಿದೆ, ನೆಲ ಪಾಯದೊಳಗೆ ತುಂಬಿದ ಮಣ್ಣಿನ ಮೇಲೆ ಕೂತಿದೆ. ಗೋಡೆ ಇದ್ದಲ್ಲೇ ಇದೆ, ತುಂಬಿದ ಮಣ್ಣು ಕುಸಿದಿದೆ.

ಹಾಗೇಕೆ ಕುಸಿಯಿತು ಎಂಬುದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ತುಂಬುವಾಗಲೇ ಆದ ಸೋಮಾರಿತನ. ಪಾಯದೊಳಗಿನ ಮಣ್ಣನ್ನು ಅರ್ಧ ಅಡಿಯ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ನಡೆಯುವುದೇನು? ಟ್ರ್ಯಾಕ್ಟರಿನಿಂದ ಒಮ್ಮೆಗೇ ಸುರಿದು, ಒಡೆದ ಇಟ್ಟಿಗೆ, ಹಳೆಯ ಗಿಲಾವಿನ ಚೂರು, ಸಿಮೆಂಟ್ ಚೀಲ ಎಲ್ಲವನ್ನೂ ಸೇರಿಸಿ ಮೇಲೆ ಕಾಂಕ್ರೀಟ್ ಎಳೆಯುತ್ತಾರೆ. ಇಂಥ ಕುಸಿತ ಮೊದಲ ಕೆಲವು ಮಳೆಗಾಲಗಳಲ್ಲಿ ಬೇಗ ಬೇಗ ನಡೆದು ಆಮೇಲೆ ನಿಧಾನವಾಗುತ್ತದೆ. ಹತ್ತಾರು ವರ್ಷ ಹಳೆಯ ಮನೆಯಲ್ಲಿ ಎರಡು ಅಳತೆಗಳ ನಡುವೆ ಏನೂ ಬದಲಾಗಿಲ್ಲವೆಂದರೆ ಅದು ನಿಂತಿದೆ, ಧೈರ್ಯವಾಗಿ ಮಟ್ಟ ಮಾಡಬಹುದು. ಕೆರೆ ಅಂಗಳವನ್ನೋ ಕಲ್ಲುಕ್ವಾರಿಯನ್ನೋ ಮುಚ್ಚಿ ಮಾಡಿದ ಬಡಾವಣೆಯಾದರೆ ಮಾತ್ರ ಈ ಧೈರ್ಯ ಬೇಡ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ತಮ್ಮ ನಿವೇಶನದ ಹಿಂದಿನ ಸ್ಥಿತಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಗ್ರಾಮದ ಹಳೆಯ ನಕ್ಷೆ ತೆಗೆಸಿ ನೋಡುವುದು ಒಳ್ಳೆಯದು.

ಎರಡನೆಯದು, ನೀರು. ಮೇಲೆ ಹೇಳಿದ ಹುಬ್ಬಳ್ಳಿಯ ಮನೆಯಲ್ಲಿ ಬಾಗಿಲ ಬಳಿಯ ಎರಡು ಟೈಲ್ಸ್ ಎಬ್ಬಿಸಿ, ಕೆಳಗಿನ ತೆಳು ಕಾಂಕ್ರೀಟನ್ನು ಒಡೆದಾಗ ಮಣ್ಣು ಕಪ್ಪಗೆ ಒದ್ದೆಯಾಗಿತ್ತು, ಕೊಳೆತ ಅನ್ನದ ವಾಸನೆ ಬರುತ್ತಿತ್ತು. ಕಬ್ಬಿಣದ ಸಲಾಕೆಯನ್ನು ಕೈಯಿಂದ ಒತ್ತಿದರೆ ಮೊಳದುದ್ದ ಇಳಿಯಿತು. ಸಿಂಕಿನ ಕೊಳವೆಯ ಜೋಡಣೆ ಬಿಟ್ಟುಕೊಂಡು, ಪಾತ್ರೆ ತೊಳೆದ ನೀರು ವರ್ಷಗಟ್ಟಲೆ ಅಲ್ಲಿಯೇ ಇಂಗಿ, ಮಣ್ಣಿನ ನಯವಾದ ಕಣಗಳನ್ನು ಒಯ್ದುಬಿಟ್ಟಿತ್ತು.

ನೆಲ ಅಗೆಯದೆ ಇದನ್ನು ಹುಡುಕಲು ಸಾಧ್ಯವಿದೆ. ಕುಡಿಯುವ ನೀರಿನ ಕೊಳವೆಯ ಸೋರಿಕೆಗೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುನ್ನ ನೋಡಿ. ಮೀಟರನ್ನೇ ನಂಬಿ ಕೂರಬೇಡಿ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಟ್ಯಾಂಕಿನಿಂದ ಕೆಳಗಿನ ಸೋರಿಕೆ ಮೀಟರಿಗೆ ಕಾಣುವುದೇ ಇಲ್ಲ. ಕೊಳಚೆ ಕೊಳವೆಯದು ಬೇರೆ ಪರೀಕ್ಷೆ. ಹೊರಗಿನ ಚೇಂಬರಿನ ಕಡೆ ಕೊಳವೆಯ ಬಾಯಿಗೆ ಬಟ್ಟೆಯ ಉಂಡೆ ತುರುಕಿ ಬಿಗಿಯಾಗಿ ಮುಚ್ಚಿ, ಒಳಗಿನಿಂದ ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ನೀರಿನ ಮಟ್ಟ ಇಳಿದರೆ ನಡುವೆ ಎಲ್ಲೋ ಬಾಯಿ ಬಿಟ್ಟಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಸುರಿದರೆ ಅದು ಹೊರಗೋಡೆಯ ಬುಡದಲ್ಲೋ ಸಂಪಿನ ಗೋಡೆಯಲ್ಲೋ ತಾನೇ ಬಂದು ಮುಖ ತೋರಿಸುವುದೂ ಉಂಟು. ಸಂಪಿನೊಳಗೆ ನೀಲಿ ಕಂಡರೆ ನೆಲದ ಚಿಂತೆ ಆಮೇಲೆ. ಮೊದಲು ಆ ನೀರು ಕುಡಿಯುವುದನ್ನು ನಿಲ್ಲಿಸಿ.

ಮೂರನೆಯದು, ಹೆಗ್ಗಣ. ನಗಬೇಡಿ. ಗಟಾರಕ್ಕೆ ಹೊಂದಿಕೊಂಡ ಹಳೆಯ ಓಣಿಗಳ ಮನೆಗಳಲ್ಲಿ ನೆಲದಡಿಯ ಮಣ್ಣನ್ನು ಬುಟ್ಟಿಗಟ್ಟಲೆ ಹೊರಹಾಕುವ ಕೆಲಸಗಾರ ಅದೇ. ಹಿತ್ತಲಲ್ಲಿ, ಪಾಯದ ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ, ನೆಲ ತಟ್ಟಿದಾಗ ಟೊಳ್ಳು ಸದ್ದು ಉದ್ದಕ್ಕೆ ಒಂದು ಸಾಲಿನಲ್ಲಿ ಬಂದರೆ ಬಿಲ ಇದೆ. ಬಿಲದ ಬಾಯಿಯನ್ನು ಬರೀ ಗಾರೆಯಿಂದ ಮುಚ್ಚಿದರೆ ಅದು ಪಕ್ಕದಲ್ಲಿ ಇನ್ನೊಂದು ತೋಡುತ್ತದೆ. ಗಾಜಿನ ಚೂರು ಬೆರೆಸಿದ ಕಾಂಕ್ರೀಟನ್ನು ಬಾಯಿಗೆ ತುಂಬಿ, ಗಟಾರದಿಂದ ಒಳಬರುವ ಕೊಳವೆಗೆ ಜಾಲರಿ ಹಾಕಿ, ನೆಲದಡಿಯ ಟೊಳ್ಳಿಗೆ ನೀರಾದ ಸಿಮೆಂಟ್ ಹಾಲನ್ನು ತೂತಿನಿಂದ ಇಳಿಸಬೇಕು.

ಕೆಳಗಿನ ಮಣ್ಣು ಇನ್ನೂ ಸಡಿಲವಿದ್ದರೆ, ಕಾರಣ ಯಾವುದೇ ಇರಲಿ, ಇಳಿದ ಭಾಗವನ್ನು ಒಡೆದು ತೆಗೆಯುವುದೇ ಸರಿ. ಸಡಿಲ ಮಣ್ಣನ್ನು ಗಟ್ಟಿ ಸಿಗುವವರೆಗೆ ತೆಗೆದು, ಗರಸನ್ನು ಪದರ ಪದರವಾಗಿ ದಿಮ್ಮಸು ಹೊಡೆದು, ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿ ಹಳೆಯ ಮಟ್ಟಕ್ಕೆ ತನ್ನಿ. ಟೊಳ್ಳಿನ ಮೇಲೆ ಗಾರೆ ಎಳೆದರೆ ಭಾರ ಇನ್ನಷ್ಟಾಗಿ ಕುಸಿತ ಇನ್ನಷ್ಟು ಬೇಗ ಬರುತ್ತದೆ.

ನಡುವೆ ಉಬ್ಬಿದ್ದರೆ: ಎರೆಮಣ್ಣಿನ ಕತೆ

ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದಾಗ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಹೊಲದ ಬಿರುಕಿಗೆ ಕೈ ತೂರಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಡೆಗೆ ಚಾವಣಿಯ ಭಾರವಿದೆ, ಆದ್ದರಿಂದ ಸುಲಭಕ್ಕೆ ಏಳುವುದಿಲ್ಲ. ನೆಲ ಹಗುರ, ಮಣ್ಣು ಎತ್ತಿದಂತೆ ಏಳುತ್ತದೆ. ಒಣ ಮಣ್ಣಿನ ಮೇಲೆ ಮನೆ ಕಟ್ಟಿದ ಮೇಲೆ ಬಿಸಿಲು ತಾಗದ ನಡುಭಾಗದಲ್ಲಿ ತೇವ ನಿಧಾನವಾಗಿ ಶೇಖರವಾಗುತ್ತದೆ, ನಡುಮನೆಯ ಮಧ್ಯೆ ಬೆನ್ನು ಏಳುತ್ತದೆ. ಹೊರಗೋಡೆಯ ಪಕ್ಕದ ನೆಲ ಮಾತ್ರ ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುತ್ತಿರುತ್ತದೆ. ನೆಲದ ಮೇಲೆ ನೇರವಾಗಿ ಕಟ್ಟಿದ ಅಡ್ಡಗೋಡೆ ಇದ್ದರೆ ಅದೂ ಜೊತೆಗೆ ಎದ್ದು ಬಿರಿಯುತ್ತದೆ.

ಒಂದು ಬದಿ ಮಾತ್ರ ಎದ್ದಿದ್ದರೆ ಆ ಗೋಡೆಯ ಹೊರಗೆ ಹೋಗಿ ನೋಡಿ. ಬಚ್ಚಲ ನೀರು ಬಿಟ್ಟು ಬೆಳೆಸಿದ ಬಾಳೆಯ ಹಿಂಡು ಗೋಡೆಗೆ ತಾಗಿಕೊಂಡೇ ನಿಂತಿರುತ್ತದೆ. ಬಾಳೆ ಚೆನ್ನಾಗಿ ಗೊನೆ ಬಿಟ್ಟಷ್ಟೂ ಒಳಗಿನ ನೆಲಕ್ಕೆ ಕೇಡು. ಇದಕ್ಕೆ ವ್ಯತಿರಿಕ್ತವಾಗಿ, ಗೋಡೆಗೆ ಹತ್ತಿರವಿರುವ ದೊಡ್ಡ ಮರ ಬೇಸಗೆಯಲ್ಲಿ ಮಣ್ಣಿನ ನೀರು ಹೀರಿ ಆ ಮೂಲೆಯನ್ನು ಇಳಿಸುತ್ತದೆ.

ಇಲ್ಲಿ ಉಬ್ಬನ್ನು ಕೆತ್ತಿ ಮಟ್ಟ ಮಾಡುವುದು ಅತಿ ಕೆಟ್ಟ ಉಪಾಯ. ಅಕ್ಟೋಬರಿನಲ್ಲಿ ಕೆತ್ತಿದ ಜಾಗ ಮೇ ತಿಂಗಳಿಗೆ ತಗ್ಗಾಗಿರುತ್ತದೆ. ಮೊದಲು ನೀರಿನ ಏರಿಳಿತವನ್ನು ನಿಲ್ಲಿಸಿ. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲದ ಕಾಂಕ್ರೀಟ್ ಹಾಸು ಹೊರಗೆ ಇಳಿಜಾರಾಗಿ ಇರಲಿ, ಗೋಡೆ ಸೇರುವಲ್ಲಿ ಸಂದಿಲ್ಲದಿರಲಿ. ಚಾವಣಿಯ ನೀರನ್ನು ಕೊಳವೆಯಿಂದ ದೂರ ಒಯ್ಯಿರಿ. ಬಚ್ಚಲ ನೀರಿಗೆ ಬೇರೆ ದಾರಿ ಮಾಡಿ, ಬಾಳೆಯನ್ನು ಹಿತ್ತಲ ಆಚೆ ತುದಿಗೆ ಹಾಕಿ. ಒಂದು ವರ್ಷದ ಸುತ್ತು ಕಳೆದು, ಬೇಸಗೆಯ ಅಳತೆ ಮಳೆಗಾಲದ ಅಳತೆ ಸರಿಸುಮಾರು ಒಂದಾದರೆ ಆಗ ಮೇಲಿನ ಪದರದ ಮಾತು ಆಡಬಹುದು.

ಅದೂ ನಿಲ್ಲದಿದ್ದರೆ ನೆಲ ಒಡೆದು, ಕೆಳಗಿನ ಎರೆಮಣ್ಣನ್ನು ಎರಡು ಮೂರು ಅಡಿ ತೆಗೆದು, ಹಿಗ್ಗದ ಗರಸು ತುಂಬಿ ದಿಮ್ಮಸು ಹೊಡೆದು, ಹೊಸ ಕಾಂಕ್ರೀಟ್ ನೆಲವನ್ನು ಗೋಡೆಗೆ ಅಂಟಿಸದೆ ಸುತ್ತ ಅರ್ಧ ಇಂಚು ಬಿಟ್ಟು ಹಾಕಬೇಕು. ಬರೀ ಉಸುಕು ತುಂಬಿಸುವ ಸಲಹೆ ಬರುತ್ತದೆ, ಒಪ್ಪಬೇಡಿ. ಉಸುಕಿನಲ್ಲಿ ನೀರು ಸಲೀಸಾಗಿ ಇಳಿದು ಕೆಳಗಿನ ಎರೆಯ ಮೇಲೆ ನಿಲ್ಲುತ್ತದೆ, ಹಿಗ್ಗುವುದಕ್ಕೆ ಅದೇ ಬೇಕಾದದ್ದು.

ಗೋಡೆಯೂ ಬಿರಿದಿದ್ದರೆ ಇಲ್ಲಿಗೇ ನಿಲ್ಲಿಸಿ

ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಚೌಕಟ್ಟು ಸೊಟ್ಟಗಾಗಿ ಬಾಗಿಲು ಮೇಲ್ಗಡೆ ಹಿಡಿಯುವುದು, ಒಂದು ತುದಿ ಅಗಲವಾಗಿ ಇನ್ನೊಂದು ತುದಿ ಕಿರಿದಾದ ಬಿರುಕು: ಇವು ನೆಲದ ರೋಗವಲ್ಲ, ಪಾಯದ್ದು. ಈ ಕೈಪಿಡಿಯಲ್ಲಿ ಅದಕ್ಕೆ ಮದ್ದಿಲ್ಲ. ಗೌಂಡಿಯನ್ನಲ್ಲ, ಕಟ್ಟಡ ರಚನೆಯ ಎಂಜಿನಿಯರ್ ಒಬ್ಬರನ್ನು ಕರೆಸಿ, ನಿಮ್ಮ ಅಳತೆಯ ಕಾಗದವನ್ನು ಅವರ ಕೈಗೆ ಕೊಡಿ.

ಮಹಡಿಯ ನೆಲ ನಡುವೆ ತಗ್ಗಾಗಿದ್ದರೆ

ಕೆಳಗಿನ ಕೋಣೆಗೆ ಹೋಗಿ ಅದೇ ಜಾಗದ ಚಾವಣಿಯನ್ನೂ ಅಳೆಯಿರಿ. ಚಾವಣಿ ನೇರವಾಗಿದ್ದು ಮೇಲಿನ ನೆಲ ಮಾತ್ರ ತಗ್ಗಿದ್ದರೆ ಅದು ಗಾರೆ ಎಳೆದವನ ಕೈಗುಣ, ಸುಲಭದಲ್ಲಿ ಸರಿಯಾಗುತ್ತದೆ. ಚಾವಣಿಯೂ ಅಷ್ಟೇ ಜೋತುಬಿದ್ದಿದ್ದರೆ ಸ್ಲ್ಯಾಬೇ ಬಾಗಿದೆ.

ಸ್ಲ್ಯಾಬ್ ತುಸು ಬಾಗುವುದು ಸಹಜ. ಭಾರತೀಯ ಮಾನಕ ಐಎಸ್ 456 ಪ್ರಕಾರ ಒಟ್ಟು ಬಾಗು ಅಗಲದ 250ನೇ ಒಂದು ಭಾಗ ಮೀರಬಾರದು; ನಾಲ್ಕು ಮೀಟರ್ ಅಗಲದ ಕೋಣೆಗೆ ಅದು 16 ಮಿ.ಮೀ. ಆಗುತ್ತದೆ. ಕಾಂಕ್ರೀಟ್ ಹಾಕುವ ದಿನ ಅಡಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬ ಕುಸಿದು ಆಗಲೇ ಬಾಗಿ ಗಟ್ಟಿಯಾದ ಸ್ಲ್ಯಾಬುಗಳೂ ಇವೆ. ಅವು ಆಮೇಲೆ ಅಲ್ಲಾಡುವುದಿಲ್ಲ. ಬಾಗು ಹೆಚ್ಚುತ್ತಿದ್ದರೆ, ಅಡಿಯಲ್ಲಿ ತುಕ್ಕಿನ ಕಲೆ ಇಲ್ಲವೇ ಉದುರಿದ ಗಿಲಾವು ಕಂಡರೆ, ಮತ್ತೆ ಎಂಜಿನಿಯರ್ ಬಳಿಗೇ ಹೋಗಬೇಕು.

ಇಲ್ಲಿ ತಗ್ಗು ತುಂಬುವವರು ಭಾರದ ಲೆಕ್ಕ ಹಾಕುವುದೇ ಇಲ್ಲ. ಎರಡು ಇಂಚು ಸಿಮೆಂಟ್ ಗಾರೆ ಎಂದರೆ ಚದರ ಮೀಟರಿಗೆ ಸುಮಾರು 100 ಕಿಲೋ. ವಾಸದ ಕೋಣೆಯ ಸ್ಲ್ಯಾಬನ್ನು ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಲು ವಿನ್ಯಾಸ ಮಾಡಿರುತ್ತಾರೆ. ಅದರಲ್ಲಿ ಅರ್ಧವನ್ನು ಶಾಶ್ವತವಾಗಿ ಗಾರೆಗೇ ಕೊಟ್ಟಂತಾಯಿತು, ಅದೂ ತಗ್ಗು ಇರುವ ನಟ್ಟನಡುವೆ, ಸ್ಲ್ಯಾಬ್ ಬಾಗಲು ಎಲ್ಲಿ ಒತ್ತಬೇಕೋ ಅಲ್ಲಿಯೇ. ಹಳೆಯ ಟೈಲ್ಸ್ ಮತ್ತು ಅದರಡಿಯ ಗಾರೆಯನ್ನು ಕಿತ್ತು ಭಾರ ಇಳಿಸಿ, ಆಮೇಲೆ ತೆಳುವಾಗಿ ತುಂಬಿ.

ಮಲೆನಾಡಿನ ಹಳೆಯ ಮನೆಗಳ ಮರದ ತೊಲೆಯ ಮಹಡಿಗೆ ಸಿಮೆಂಟೇ ಬೇಡ. ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ಚಾಕು ಚುಚ್ಚಿ ನೋಡಿ. ಮೆತ್ತಗಿದ್ದರೆ ಗೆದ್ದಲೋ ಕೊಳೆತವೋ ಇದೆ, ಅದು ಬಡಗಿಯ ಕೆಲಸ.

ಟೈಲ್ಸ್ ಎದ್ದು ನಿಂತಿದ್ದರೆ

ಮಧ್ಯಾಹ್ನ 'ಢಬ್' ಎಂದು ಸದ್ದಾಗಿ, ನಡುಮನೆಯಲ್ಲಿ ಎರಡು ಸಾಲು ಟೈಲ್ಸ್ ಅಂಚಿಗೆ ಅಂಚು ತಾಗಿ ಮೇಲೆದ್ದಿರುತ್ತವೆ. ಜನ ಭೂಕಂಪವೆಂದೇ ಹೆದರುತ್ತಾರೆ. ನೆಲಕ್ಕೆ ಏನೂ ಆಗಿರುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಅಂಟುವುದಿಲ್ಲ. ಅದನ್ನು ಸಂದಿಲ್ಲದೆ, ಗೋಡೆಯಿಂದ ಗೋಡೆಗೆ ಬಿಗಿದು ಕೂರಿಸಿದರೆ ಬಿಸಿಗೆ ಹಿಗ್ಗಲು ಜಾಗವಿಲ್ಲ. ಕೆಳಗಿನ ಕಾಂಕ್ರೀಟ್ ಒಣಗುತ್ತ ಕುಗ್ಗುತ್ತಿರುತ್ತದೆ. ಒತ್ತಡ ಒಂದು ದಿನ ಮೇಲಕ್ಕೆ ದಾರಿ ಮಾಡಿಕೊಳ್ಳುತ್ತದೆ.

ನಾಣ್ಯದಿಂದ ಉಳಿದ ಟೈಲ್ಸ್‌ಗಳನ್ನೂ ತಟ್ಟಿ, ಟೊಳ್ಳು ಸದ್ದಿನವಕ್ಕೆ ಬಳಪದ ಗುರುತು ಹಾಕಿ. ಎದ್ದವನ್ನು ತೆಗೆದು ಕೆಳಗಿನ ಮೈಗೆ ಪಟ್ಟಿ ಇಟ್ಟು ನೋಡಿ. ಸಾಮಾನ್ಯವಾಗಿ ಮಟ್ಟವಾಗಿಯೇ ಇರುತ್ತದೆ. ಮತ್ತೆ ಕೂರಿಸುವಾಗ ಟೈಲ್ಸ್ ಅಂಟಿನ ಭಾರತೀಯ ಮಾನಕ ಐಎಸ್ 15477 ಗುರುತಿನ, ವಿಟ್ರಿಫೈಡ್ ಟೈಲ್ಸ್‌ಗೆ ಹೊಂದುವ ಅಂಟನ್ನೇ ಬಳಸಿ, ನಡುವೆ 2ರಿಂದ 3 ಮಿ.ಮೀ. ಸಂದು ಬಿಟ್ಟು, ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಮುಚ್ಚುವಷ್ಟು ಜಾಗ ಖಾಲಿ ಬಿಡಿ. ಸಂದಿಲ್ಲದಿದ್ದರೆ ಚೆಂದ ಎನ್ನುವ ಹಟ ಮನೆಯೊಡತಿಯದೋ ಯಜಮಾನರದೋ ಇದ್ದರೆ ಅವರಿಗೆ ಎದ್ದ ಟೈಲ್ಸ್ ತೋರಿಸಿ.

ಶಹಾಬಾದ್ ಫರಸಿ ಕುಲುಕುತ್ತಿದ್ದರೆ ಚಿಂತೆ ಇನ್ನೂ ಕಡಿಮೆ. ಆ ಒಂದು ಫರಸಿಯನ್ನು ಸಲಾಕೆಯಿಂದ ಎಬ್ಬಿಸಿ, ಕೆಳಗಿನ ಮಣ್ಣು ಬಿಗಿ ಮಾಡಿ, ತೆಳು ಗಾರೆಯ ಮೇಲೆ ಮತ್ತೆ ಕೂರಿಸಿ, ಸಂದು ತುಂಬಿದರೆ ಆಯಿತು. ಕೆಂಪು ಗಾರೆಯ ನೆಲವನ್ನು ಮಾತ್ರ ತೇಪೆ ಹಾಕುವ ಮುನ್ನ ಯೋಚಿಸಿ. ಹಳೆಯ ಬಣ್ಣಕ್ಕೆ ಹೊಸದು ಎಂದೂ ಹೊಂದುವುದಿಲ್ಲ. ತಗ್ಗು ಕಾಲಿಗೆ ತೊಡಕಾಗದಿದ್ದರೆ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ.

ನಿಂತ ನೆಲವನ್ನು ಮಟ್ಟ ಮಾಡುವುದು

ಚಲನೆ ಇಲ್ಲ, ನೀರಿನ ಕಾಟವಿಲ್ಲ ಎಂದಾದ ಮೇಲೆ ಎಷ್ಟು ತಗ್ಗಿದೆ ಎಂಬುದರ ಮೇಲೆ ಮದ್ದು ತೀರ್ಮಾನವಾಗುತ್ತದೆ. ಒಂದೆರಡು ಕಡೆ ಮಾತ್ರ ಉಬ್ಬಿದ್ದರೆ ಇಡೀ ನೆಲ ಏರಿಸುವ ಬದಲು ಉಬ್ಬನ್ನೇ ಯಂತ್ರದಿಂದ ಉಜ್ಜಿ ಇಳಿಸಿ. ಆ ಧೂಳು ಶ್ವಾಸಕೋಶಕ್ಕೆ ಕೇಡು, ಮೂಗಿಗೆ ಕರವಸ್ತ್ರ ಸಾಲದು; ಸರಿಯಾದ ಮುಖಗವಸು ಹಾಕಿ, ನೆಲ ಒದ್ದೆ ಮಾಡಿ ಉಜ್ಜಿಸಿ.

ಅರ್ಧ ಇಂಚಿಗಿಂತ ಕಡಿಮೆ ತಗ್ಗಿಗೆ ಮಾಮೂಲಿ ಸಿಮೆಂಟ್ ಗಾರೆ ಹಾಕಬೇಡಿ. ಅಷ್ಟು ತೆಳುವಾದ ಗಾರೆ ನೀರು ಬೇಗ ಕಳೆದುಕೊಂಡು, ಹಪ್ಪಳವಾಗಿ ಏಳುತ್ತದೆ. ತಾನೇ ಹರಡಿ ಮಟ್ಟಕ್ಕೆ ನಿಲ್ಲುವ ಸೆಲ್ಫ್ ಲೆವೆಲಿಂಗ್ ಪುಡಿ ಇದಕ್ಕೆಂದೇ ಬರುತ್ತದೆ. ಸಾಮಾನ್ಯವಾಗಿ 3ರಿಂದ 10 ಮಿ.ಮೀ. ದಪ್ಪಕ್ಕೆ. ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 1.7 ಕಿಲೋ ಪುಡಿ ಹಿಡಿಯಿರಿ. ಹತ್ತು ಹನ್ನೆರಡು ಅಡಿಯ ಕೋಣೆ ಸುಮಾರು 11 ಚದರ ಮೀಟರ್. ಸರಾಸರಿ 5 ಮಿ.ಮೀ. ತುಂಬಲು ಹತ್ತಿರ ಹತ್ತಿರ 95 ಕಿಲೋ, ಅಂದರೆ 25 ಕಿಲೋದ ನಾಲ್ಕು ಚೀಲ. ಒಂದು ಚೀಲ ಹೆಚ್ಚಿಗೆ ತಂದಿಡಿ. ಅರ್ಧಕ್ಕೆ ಮುಗಿದು ಅಂಗಡಿಗೆ ಓಡಿದರೆ, ಮರಳುವಷ್ಟರಲ್ಲಿ ಮೊದಲ ಅರ್ಧ ಗಟ್ಟಿಯಾಗಿ ನಡುವೆ ಏಣು ಉಳಿಯುತ್ತದೆ.

ಅದಕ್ಕೂ ಮುಂಚೆ ತೇವದ ಪರೀಕ್ಷೆ ಮಾಡಿ. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ ಮರುದಿನ ಎತ್ತಿ ನೋಡಿ. ಅಡಿಯಲ್ಲಿ ನೀರಿನ ಹನಿ ಕಂಡರೆ, ಇಲ್ಲವೇ ಆ ಚೌಕ ಕಪ್ಪಾಗಿದ್ದರೆ ನೆಲ ಇನ್ನೂ ಬೆವರುತ್ತಿದೆ. ಮಳೆಗಾಲದ ನಡುವೆ ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಈ ಕೆಲಸ ಹಚ್ಚಿಕೊಳ್ಳಬೇಡಿ.

ಎಣ್ಣೆ, ಮೇಣ, ಸುಣ್ಣ, ಸಡಿಲ ಪದರ ಎಲ್ಲ ಕೆರೆದು ಗುಡಿಸಿ, ಪ್ರೈಮರ್ ಬಳಿಯಿರಿ. ಪ್ರೈಮರ್ ಬಿಟ್ಟರೆ ಒಣ ಕಾಂಕ್ರೀಟ್ ಪುಡಿಯ ನೀರನ್ನೆಲ್ಲ ಹೀರಿ, ಅದು ಹರಿಯುವ ಮುನ್ನವೇ ನಿಂತುಬಿಡುತ್ತದೆ. ಬಾಗಿಲ ಸಂದು, ನೀರಿಳಿಯುವ ಜಾಲರಿ, ಗೋಡೆಯ ಬಿರುಕುಗಳನ್ನು ಮುಚ್ಚಿ. ಚೀಲದ ಮೇಲೆ ಬರೆದಷ್ಟೇ ನೀರನ್ನು ಅಳೆದು ಹಾಕಿ, ತಿರುಗುವ ಯಂತ್ರದಿಂದ ಗಂಟಿಲ್ಲದಂತೆ ಕಲಸಿ. ಗೌಂಡಿಗಳು ಇಲ್ಲಿ ಕೈಗುಣ ತೋರಿಸಲು ಹೋಗಿ ನೀರು ಹೆಚ್ಚಿಗೆ ಸುರಿಯುತ್ತಾರೆ. ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಬೇಕಷ್ಟೇ. ನೀರು ಹೆಚ್ಚಾದರೆ ಮೇಲೆ ಬೂದಿಯಂಥ ಪದರ ತೇಲಿ ಉಗುರಿಗೇ ಉದುರುತ್ತದೆ. ದೂರದ ಮೂಲೆಯಿಂದ ಬಾಗಿಲ ಕಡೆಗೆ ಸುರಿಯುತ್ತ ಬನ್ನಿ. ಒಬ್ಬರು ಕಲಸುತ್ತಿರಲಿ, ಒಬ್ಬರು ಸುರಿಯಲಿ. ಕಲಸಿದ್ದು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬಿಗಿಯುತ್ತದೆ. ಫ್ಯಾನ್ ಹಾಕಬೇಡಿ, ಕಿಟಕಿಯಿಂದ ಬಿಸಿಲು ಬೀಳದಂತೆ ನೋಡಿಕೊಳ್ಳಿ.

ಅರ್ಧ ಇಂಚಿನಿಂದ ಒಂದೂವರೆ ಇಂಚಿನವರೆಗಿನ ತಗ್ಗಿಗೆ, ಹಳೆಯ ಮೈಯನ್ನು ಚಾಣದಿಂದ ಒರಟು ಮಾಡಿ, ಲೇಟೆಕ್ಸ್ (ಗಾರೆ ಗಟ್ಟಿಯಾಗಿ ಅಂಟಲೆಂದು ಬೆರೆಸುವ ಹಾಲಿನಂಥ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮುನ್ನ ಅದೇ ಲೇಟೆಕ್ಸ್ ಬೆರೆಸಿದ 1:3 ಗಾರೆ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು) ಎಳೆಯಿರಿ. ಅದಕ್ಕೂ ಆಳವಾದರೆ ಸಣ್ಣ ಖಡಿಯ ಕಾಂಕ್ರೀಟ್. ಎರಡಕ್ಕೂ ಕನಿಷ್ಠ ಒಂದು ವಾರ ನೀರುಣಿಸಬೇಕು. ಗೋಣಿಚೀಲ ಹಾಸಿ ಒದ್ದೆ ಮಾಡುತ್ತಿದ್ದರೆ ಸಾಕು. ಸೆಲ್ಫ್ ಲೆವೆಲಿಂಗ್ ಪದರಕ್ಕೆ ಮಾತ್ರ ಹೀಗೆ ನೀರು ಕಟ್ಟಬೇಡಿ, ಚೀಲದ ಮೇಲಿನ ಸೂಚನೆಯಂತೆ ನಡೆಯಿರಿ.

ನೆಲ ಏರಿಸುವ ಮುನ್ನ ಮನೆಯೆಲ್ಲ ಒಂದು ಸುತ್ತು ಹಾಕಿ. ಬಾಗಿಲುಗಳ ಕೆಳಗೆ ಎಷ್ಟು ಜಾಗವಿದೆ? ಕತ್ತರಿಸಬೇಕಾದರೆ ಬಡಗಿಯನ್ನು ಮೊದಲೇ ಕರೆಸಿ, ಟೈಲ್ಸ್ ಹಾಕಿದ ಮೇಲೆ ಬಾಗಿಲು ಕಳಚಲೂ ಬರುವುದಿಲ್ಲ. ಹೊಸ್ತಿಲು ನೆಲದಲ್ಲಿ ಹೂತುಹೋಗುತ್ತದೆಯೇ? ಮನೆಯ ಹಿರಿಯರು ಅದಕ್ಕೆ ಒಪ್ಪಲಿಕ್ಕಿಲ್ಲ, ಮೊದಲೇ ಕೇಳಿ. ಒಳಗಿನಿಂದ ಮಹಡಿಗೆ ಮೆಟ್ಟಿಲಿದ್ದರೆ ಕೆಳಗಿನ ಮೊದಲ ಮೆಟ್ಟಿಲು ಗಿಡ್ಡಾಗುತ್ತದೆ. ಒಂದು ಇಂಚಿನ ವ್ಯತ್ಯಾಸಕ್ಕೂ ಇಳಿಯುವಾಗ ಕಾಲು ಎಡವುತ್ತದೆ, ಕತ್ತಲಲ್ಲಿ ಇಳಿಯುವ ಅಜ್ಜಿಗಂತೂ ಅಪಾಯ. ಬಚ್ಚಲ ನೆಲ ಕೋಣೆಗಿಂತ ಕೆಳಗೇ ಉಳಿಯುತ್ತದೆ, ಆದರೆ ಬಾಲ್ಕನಿಯನ್ನೂ ಏರಿಸುವುದಾದರೆ ಅದು ಒಳಗಿನ ನೆಲಕ್ಕಿಂತ ಒಂದೆರಡು ಸೆಂ.ಮೀ. ತಗ್ಗಿನಲ್ಲೇ ಇರಬೇಕು, ಇಲ್ಲದಿದ್ದರೆ ಜುಲೈ ತಿಂಗಳ ಗಾಳಿಮಳೆಯ ನೀರು ನೇರವಾಗಿ ಒಳಬರುತ್ತದೆ. ಅಡುಗೆಕಟ್ಟೆಯ ಎತ್ತರವೂ ನೆಲ ಏರಿದಷ್ಟು ಇಳಿಯುತ್ತದೆ. ಅಲ್ಲಿ ನಿಂತು ಕೆಲಸ ಮಾಡುವವರನ್ನು ಕೇಳದೆ ಗಾರೆ ಕಲಸಬೇಡಿ.